ಬಳ್ಳಾರಿಗೆ ಹೊಗೆ ಬಂದ ದಾರಿ

ಬಳ್ಳಾರಿಯ ಗಾಂಧಿನಗರದ ಮಾರುಕಟ್ಟೆಗೆ ತರಕಾರಿ ತರಲು ಹೋದಾಗ, ಗೂಡಂಗಡಿ ಮುಂದೆ ಬೀಡಿ ಹಚ್ಚಿ ನಿಂತ ಹಿರಿಯರನ್ನು ಮಾತಾಡಿಸುವುದು ನನ್ನ ರೂಢಿ. ಬಿಡಿ ಎಂದರೆ ಬಹಳ ಜನ ಹೇಳುವ ಮಾತು ಒಂದೇ: "ನಮ್ಮಪ್ಪ ಸೇದ್ತಿದ್ದ, ಅವರಪ್ಪ ಸೇದ್ತಿದ್ದ, ಇದು ಹಿಂದಿನಿಂದ ಬಂದದ್ದಮ್ಮಾ." ಅವರಪ್ಪ ಸೇದಿದ್ದು ನಿಜ. ಆದರೆ ಅವರಪ್ಪನ ಮುತ್ತಜ್ಜನ ಕೈಯಲ್ಲಿ ಬೀಡಿ ಇರಲಿಲ್ಲ. ಇನ್ನೂ ಹಿಂದೆ ಹೋದರೆ ಈ ನಾಡಿನಲ್ಲಿ ಹೊಗೆಸೊಪ್ಪಿನ ಗಿಡವೇ ಇರಲಿಲ್ಲ. ಇಲ್ಲಿಂದ ಅರವತ್ತು ಕಿಲೋಮೀಟರ್ ದೂರದ ಹಂಪಿಗೆ 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಬಂದಿದ್ದ. ಅಲ್ಲಿ ತಿಂದ ವೀಳ್ಯದೆಲೆಯನ್ನು ಅವನು ಮನಸಾರೆ ಹೊಗಳಿ ಬರೆದ. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಡೊಮಿಂಗೊ ಪಾಯಸ್ ಹಂಪಿಯ ಪೇಟೆಗಳಲ್ಲಿ ರತ್ನ, ಬಟ್ಟೆ, ಕುದುರೆ, ಹಣ್ಣು, ಹೂವು ಎಲ್ಲವನ್ನೂ ಕಂಡ. ತಂಬಾಕು ಆ ಹೊತ್ತಿಗೆ ಸಮುದ್ರದಾಚೆಯ ಅಮೆರಿಕದಲ್ಲಿತ್ತು. ಕೃಷ್ಣದೇವರಾಯನ ಸೈನಿಕರು ಎಲೆ ಅಡಿಕೆ ಹಾಕಿದರು, ಹೊಗೆ ಎಳೆಯಲಿಲ್ಲ.

ಈ ವಿಷಯ ಬರೆಯಲು ನನಗಿರುವ ಅರ್ಹತೆಯನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಇತಿಹಾಸ ಓದಿದ ಪಂಡಿತಳಲ್ಲ. ಕುರುಗೋಡು, ಸಿರುಗುಪ್ಪ ಕಡೆಯ ಹಳ್ಳಿಗಳಲ್ಲಿ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾದವಳು. ಹುಟ್ಟಿದ್ದು ಕೌಲ್ ಬಜಾರಿನ ಒಂದು ಓಣಿಯಲ್ಲಿ, ಬೀಡಿ ಕಟ್ಟುವ ತಾಯಿಯ ಮಗಳಾಗಿ. ನನ್ನ ಶಾಲೆಯ ಫೀಸು, ಸ್ಲೇಟು, ಹಬ್ಬದ ಲಂಗ ಎಲ್ಲವೂ ಬೀಡಿಯ ದುಡ್ಡಿನಿಂದ ಬಂದವು. ಆಮೇಲೆ ಮನೆಮನೆಗೆ ಹೋಗಿ ಬೀಡಿ ಬಿಡಿ ಎಂದು ಹೇಳುವ ಕೆಲಸಕ್ಕೇ ಸರ್ಕಾರ ನನಗೆ ಸಂಬಳ ಕೊಟ್ಟಿತು. ಈ ಎರಡರ ನಡುವೆ ಬದುಕಿದ್ದರಿಂದಲೇ ಹೊಗೆ ನಮ್ಮೂರಿಗೆ ಯಾರ ಕೈಯಿಂದ, ಯಾವ ದಾರಿಯಿಂದ ಬಂತು ಎಂಬುದನ್ನು ತಿಳಿಯಬೇಕು ಎನಿಸಿತು.

ತಂಬಾಕು ಪೋರ್ಚುಗೀಸರ ಹಡಗುಗಳಲ್ಲಿ ಗೋವೆಗೆ ಬಂತು, ಗೋವೆಯಿಂದ ಘಟ್ಟ ಹತ್ತಿ ಬಿಜಾಪುರದ ಆದಿಲಶಾಹಿ ರಾಜ್ಯ ಸೇರಿತು. ಅಲ್ಲಿಂದ ಮುಂದಿನ ಕಥೆ ದಾಖಲಾಗಿದೆ. ಅಕ್ಬರನ ದೂತ ಅಸದ್ ಬೇಗ್ 1604ರ ಸುಮಾರಿಗೆ ಬಿಜಾಪುರಕ್ಕೆ ಬಂದಿದ್ದ. ತನ್ನ ಸೀಮೆಯಲ್ಲಿ ಎಂದೂ ಕಾಣದ ತಂಬಾಕನ್ನು ಇಲ್ಲಿ ಕಂಡು, ರತ್ನ ಕೂರಿಸಿದ ಒಂದು ಚಿಲುಮೆ ಮಾಡಿಸಿಕೊಂಡು, ಎರಡನ್ನೂ ದೊರೆಗೆ ಕಾಣಿಕೆಯಾಗಿ ಒಯ್ದ. ಅಕ್ಬರ್ ಒಂದೆರಡು ದಮ್ಮು ಎಳೆದ. ಪಕ್ಕದಲ್ಲಿದ್ದ ಹಕೀಮ ತಡೆದ. ನಮ್ಮ ಗ್ರಂಥಗಳಲ್ಲಿ ಇಲ್ಲದ, ಯಾರೂ ಪರೀಕ್ಷಿಸದ ವಸ್ತುವನ್ನು ದೊರೆ ಸೇದಬಾರದು ಎಂಬುದು ಅವನ ವಾದ. ಅಕ್ಬರ್ ಮುಂದೆ ಸೇದಲಿಲ್ಲ. ಆದರೆ ಅಸದ್ ಬೇಗ್ ಉಳಿದದ್ದನ್ನು ಅಮೀರರಿಗೆ ಹಂಚಿದ, ಅವರಿಗೆ ರುಚಿ ಹತ್ತಿತು, ವ್ಯಾಪಾರಿಗಳು ತರಿಸಿ ಮಾರತೊಡಗಿದರು. 1617ರಲ್ಲಿ ಜಹಾಂಗೀರ್ ತಂಬಾಕನ್ನು ನಿಷೇಧಿಸಿದ. ಅಷ್ಟರಲ್ಲಿ ಹೊತ್ತು ಮೀರಿತ್ತು. ಕನ್ನಡ ನೆಲದಿಂದ ಆಗ್ರಾದತ್ತ ಹೋದ ಆ ಪೊಟ್ಟಣದ ಕಥೆಯಲ್ಲಿ ಮುಂದಿನ ನಾಲ್ಕು ಶತಮಾನಗಳ ಕಥೆ ಪೂರ್ತಿ ಅಡಗಿದೆ: ವೈದ್ಯ ಎಚ್ಚರಿಸುತ್ತಾನೆ, ದೊಡ್ಡವರು ಹಂಚುತ್ತಾರೆ, ವ್ಯಾಪಾರಿ ಹರಡುತ್ತಾನೆ, ಕಾನೂನು ತಡವಾಗಿ ಬರುತ್ತದೆ.

ಬಳ್ಳಾರಿ ಸೀಮೆಯಲ್ಲಿ ಮೊದಲು ಹರಡಿದ್ದು ಚಿಲುಮೆ ಮತ್ತು ಚುಟ್ಟ. ನಾವು ತೆಲುಗು ನಾಡಿನ ಅಂಚಿನವರು. 1800ರಲ್ಲಿ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ 1953ರ ಅಕ್ಟೋಬರ್ 1ರವರೆಗೆ ಮದರಾಸಿಗೆ ಸೇರಿದವರು. ಹೀಗಾಗಿ ತೆಲುಗರ ಚುಟ್ಟ ನಮ್ಮ ಹೊಲಗಳಿಗೂ ಬಂತು. ಅದು ಮನೆಯಲ್ಲೇ ಸುತ್ತುವ ವಸ್ತು, ಉರಿಸಲು ಒಲೆಯ ಕೆಂಡ ಬೇಕು. ಆದ್ದರಿಂದ ಸೇದುವುದಕ್ಕೂ ಒಂದು ಹೊತ್ತು, ಒಂದು ಜಾಗ ಇತ್ತು. ಉಂಡ ಮೇಲೆ ಕಟ್ಟೆಯ ಮೇಲೆ, ಕೆಲಸ ಮುಗಿದ ಮೇಲೆ ಕಣದಲ್ಲಿ. ನನ್ನ ಬಾಲ್ಯದಲ್ಲಿ ಚುಟ್ಟ ಸೇದುವ ಅಜ್ಜಿಯರು ಓಣಿಗೆ ಒಬ್ಬರಾದರೂ ಇದ್ದರು.

ದಂಡು ಮತ್ತು ರೈಲು ಈ ಲಯವನ್ನು ಬದಲಿಸಿದವು. ಬಳ್ಳಾರಿ ಕಂಪನಿಯ ದೊಡ್ಡ ದಂಡುಪ್ರದೇಶವಾಗಿತ್ತು. ಸೈನಿಕರ ಜತೆ ಪೈಪು, ಚಿರೂಟು, ಆಮೇಲೆ ಸಿಗರೇಟು ಬಂದವು. 1881ರಲ್ಲಿ ಅಮೆರಿಕದ ಜೇಮ್ಸ್ ಬೊನ್ಸ್ಯಾಕ್ ಸಿಗರೇಟು ಸುತ್ತುವ ಯಂತ್ರಕ್ಕೆ ಪೇಟೆಂಟ್ ಪಡೆದ ಮೇಲೆ ಜಗತ್ತಿನಲ್ಲಿ ಸಿಗರೇಟು ಅಗ್ಗವಾಯಿತು. 1910ರಲ್ಲಿ ಇಂಪೀರಿಯಲ್ ಟೊಬ್ಯಾಕೊ ಕಂಪನಿ ಕಲ್ಕತ್ತೆಯಲ್ಲಿ ಹುಟ್ಟಿತು, ಕೆಲವೇ ವರ್ಷಗಳಲ್ಲಿ ಬೆಂಗಳೂರಿನಲ್ಲೂ ಸಿಗರೇಟು ಕಾರ್ಖಾನೆ ನಿಂತಿತು. 1920ರ ದಶಕದಲ್ಲಿ ಶಿವಕಾಶಿಯ ಬೆಂಕಿಪೊಟ್ಟಣ ಬಂತು. ಇದನ್ನು ಸಣ್ಣ ಸಂಗತಿ ಎಂದು ಬಿಡಬಾರದು. ಕಡ್ಡಿಪೆಟ್ಟಿಗೆ ಜೇಬಿಗೆ ಬಂದ ದಿನ ಮನುಷ್ಯನಿಗೆ ಕೆಂಡದ ಹಂಗು ತಪ್ಪಿತು. ನಡೆಯುತ್ತಾ, ದುಡಿಯುತ್ತಾ, ರೈಲಿನಲ್ಲಿ ಕೂತು, ಯಾವಾಗ ಬೇಕೆಂದರೆ ಆಗ ಸೇದಬಹುದಾಯಿತು.

ಬೀಡಿ ಹುಟ್ಟಿದ್ದು ಗುಜರಾತಿನ ಕಡೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭೀಕರ ಬರಗಾಲದಲ್ಲಿ ಗುಳೆ ಹೊರಟ ಗುಜರಾತಿನ ಕುಟುಂಬಗಳು ಅದನ್ನು ಮಧ್ಯ ಭಾರತಕ್ಕೆ ಒಯ್ದವು. ಅಲ್ಲಿನ ಕಾಡುಗಳಲ್ಲಿ ತೆಂದು ಎಲೆ ಬೇಕಾದಷ್ಟಿತ್ತು, 20ನೇ ಶತಮಾನದ ಆರಂಭಕ್ಕೆ ಜಬಲ್ಪುರದಲ್ಲಿ ಬೀಡಿ ದೊಡ್ಡ ದಂಧೆಯಾಯಿತು. ಕರ್ನಾಟಕದಲ್ಲಿ ಮಂಗಳೂರು ಬೀಡಿಯ ರಾಜಧಾನಿಯಾಯಿತು, ನಿಪ್ಪಾಣಿಯ ಕಪ್ಪು ನೆಲ ಬೀಡಿ ತಂಬಾಕಿಗೆ ಹೆಸರಾಯಿತು. ಈ ಬೆಳವಣಿಗೆಗೆ ಸ್ವದೇಶಿ ಚಳವಳಿಯೂ ನೂಕುಬಲ ಕೊಟ್ಟಿತು. ವಿದೇಶಿ ಬಟ್ಟೆಯ ಜತೆ ವಿದೇಶಿ ಸಿಗರೇಟನ್ನೂ ಬಿಟ್ಟ ಜನ ಬೀಡಿ ಹಿಡಿದರು. ಬೀಡಿ ಸೇದುವುದು ದೇಶಭಕ್ತಿಯ ಗುರುತಾಯಿತು.

ಗಾಂಧೀಜಿ ಮಾತ್ರ ಇದನ್ನು ಒಪ್ಪಲಿಲ್ಲ. ಅವರ ಹೆಸರಿನ ಬಡಾವಣೆಯಲ್ಲಿ ಬಾಳುವ ನಾವು ಇದನ್ನು ತಿಳಿದಿರಬೇಕು. ಬಾಲಕನಾಗಿದ್ದಾಗ ಚಿಕ್ಕಪ್ಪ ಎಸೆದ ತುಂಡುಗಳನ್ನು ಕದ್ದು ಸೇದಿದ್ದು, ಅವು ಸಾಲದೆ ಆಳಿನ ಜೇಬಿನ ಕಾಸು ಕದ್ದು ಸಿಗರೇಟು ಕೊಂಡದ್ದು, ಇದೆಲ್ಲವನ್ನು ಅವರು ಆತ್ಮಕಥೆಯಲ್ಲಿ ಮುಚ್ಚಿಡದೆ ಬರೆದಿದ್ದಾರೆ. 1921ರ ಜನವರಿಯಲ್ಲಿ ಯಾರೋ ಅವರ ಚಿತ್ರ ಅಚ್ಚು ಹಾಕಿದ 'ಮಹಾತ್ಮ ಗಾಂಧಿ' ಸಿಗರೇಟಿನ ಚೀಟಿಯನ್ನು ಅವರಿಗೆ ಕಳಿಸಿದರು. ತನ್ನ ಹೆಸರಿಗೆ ಆದ ದುರುಪಯೋಗಗಳಲ್ಲಿ ಇಷ್ಟು ಅವಮಾನಕರವಾದದ್ದು ಬೇರೊಂದಿಲ್ಲ ಎಂಬ ಅರ್ಥದಲ್ಲಿ ಅವರು 'ಯಂಗ್ ಇಂಡಿಯಾ'ದಲ್ಲಿ ಬರೆದರು. 1942ರಲ್ಲಿ ಆಗಾಖಾನ್ ಅರಮನೆಯಲ್ಲಿ ಬಂಧಿಯಾಗಿದ್ದಾಗ ಬರೆದ ಆರೋಗ್ಯದ ಪುಸ್ತಕದಲ್ಲೂ ತಂಬಾಕಿಗೆ ಒಂದು ಅಧ್ಯಾಯ ಮೀಸಲಿಟ್ಟರು. ಬೀಡಿಯಾಗಲಿ ಸಿಗರೇಟಾಗಲಿ, ದೇಶಿಯೆಂಬ ಕಾರಣಕ್ಕೆ ವಿಷ ಅಮೃತವಾಗದು ಎಂಬುದು ಅವರ ನಿಲುವಾಗಿತ್ತು.

ಇನ್ನು ನನ್ನ ತಾಯಿಯ ಕೆಲಸ. ಸಂಜೆ ಬೀಡಿ ಎಲೆಯನ್ನು ನೀರಲ್ಲಿ ನೆನೆಸಿ ಒದ್ದೆ ಗೋಣಿಚೀಲದಲ್ಲಿ ಸುತ್ತಿಡಬೇಕು. ಬೆಳಿಗ್ಗೆ ತಗಡಿನ ಅಚ್ಚು ಇಟ್ಟು ಕತ್ತರಿಯಿಂದ ಒಂದೇ ಅಳತೆಗೆ ಕತ್ತರಿಸಬೇಕು. ತೊಡೆಯ ಮೇಲೆ ಮೊರ, ಮೊರದಲ್ಲಿ ಒಂದು ಕಡೆ ಎಲೆ, ಒಂದು ಕಡೆ ಪುಡಿ. ಚಿಟಿಕೆ ಪುಡಿ ಹರವಿ, ಸುತ್ತಿ, ತುದಿ ಮಡಚಿ, ದಾರ ಬಿಗಿದರೆ ಒಂದು ಬೀಡಿ. ಅದರೊಳಗಿನ ತಂಬಾಕು ಗ್ರಾಮಿನ ಕಾಲುಭಾಗಕ್ಕಿಂತಲೂ ಕಡಿಮೆ. ಇಪ್ಪತ್ತೈದಕ್ಕೆ ಒಂದು ಕಟ್ಟು, ಸಾವಿರಕ್ಕೆ ಕೂಲಿ. ತಾಯಿಯ ಬೆರಳುಗಳು ಎಂದೂ ನಿಲ್ಲುತ್ತಿರಲಿಲ್ಲ. ಮಾತಾಡುತ್ತಾ, ಬೈಯುತ್ತಾ, ಹಾಲು ಕುಡಿಸುತ್ತಾ ಕಟ್ಟುತ್ತಿದ್ದಳು. ನಾವು ಮಕ್ಕಳು ಶಾಲೆಯಿಂದ ಬಂದು ತುದಿ ಮಡಚಲು ಕೂರುತ್ತಿದ್ದೆವು. ಕಂಟ್ರಾಕ್ಟರು ಎಲೆ, ಪುಡಿ ತೂಗಿ ಕೊಡುತ್ತಿದ್ದ. ಬೀಡಿ ಒಪ್ಪಿಸುವಾಗ ಸಡಿಲವಾದವು, ಗಿಡ್ಡವಾದವು ಎಂದು ತೆಗೆದು ಬದಿಗೆ ಎಸೆದದ್ದಕ್ಕೆ ಕೂಲಿ ಇಲ್ಲ. ಎಲೆ ಕಡಿಮೆ ಬಿದ್ದರೆ ತಾಯಿಯೇ ಅಂಗಡಿಯಿಂದ ಕೊಂಡು ಲೆಕ್ಕ ತುಂಬಿಸಬೇಕಿತ್ತು.

ಕಟ್ಟುವ ಹೆಂಗಸರು ಸೇದುತ್ತಿರಲಿಲ್ಲ. ಆದರೂ ಕೆಮ್ಮು ಅವರನ್ನು ಬಿಡಲಿಲ್ಲ. ತಂಬಾಕಿನ ಪುಡಿ ಗಾಳಿಯಲ್ಲಿ ತೇಲುತ್ತದೆ, ಚರ್ಮದೊಳಗೂ ಇಳಿಯುತ್ತದೆ. ಕುತ್ತಿಗೆ, ಸೊಂಟ, ಕಣ್ಣು ಎಲ್ಲವೂ ನಲವತ್ತು ದಾಟುವ ಮೊದಲೇ ಸೋಲುತ್ತವೆ. ಇವರಿಗಾಗಿ ಸಂಸತ್ತು 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮಾಡಿತು. 1976ರಲ್ಲಿ ಬೀಡಿಯ ಮೇಲೆ ಸೆಸ್ ಹಾಕಿ ಕಲ್ಯಾಣ ನಿಧಿ ಕಟ್ಟಿತು. ಗುರುತಿನ ಚೀಟಿ, ಮಕ್ಕಳಿಗೆ ವಿದ್ಯಾರ್ಥಿವೇತನ, ಮನೆ ಕಟ್ಟಲು ನೆರವು ಆ ನಿಧಿಯಿಂದ ಬಂದವು. ನಾನು ಓದಿದ್ದರಲ್ಲಿ ಆ ವಿದ್ಯಾರ್ಥಿವೇತನದ ಪಾಲೂ ಇದೆ. 2017ರಲ್ಲಿ ಜಿಎಸ್‌ಟಿ ಬಂದು ಆ ಸೆಸ್ ಹೋಯಿತು. ದೇಶದಲ್ಲಿ ಸುಮಾರು 50 ಲಕ್ಷ ಜನ, ಬಹುಪಾಲು ಹೆಂಗಸರು, ಬೀಡಿ ಕಟ್ಟಿ ಬದುಕುತ್ತಾರೆ.

ತಂದೆ ಹಮಾಲಿ. ಗಂಜಿನಲ್ಲಿ ಚೀಲ ಹೊರುವವರಿಗೆ ಬೀಡಿ ಊಟದ ಜಾಗದಲ್ಲಿ ಇರುತ್ತಿತ್ತು. ಕುರುಗೋಡು ಕಡೆಯ ಒಬ್ಬ ಕೂಲಿಯಾಳು ಮುಂದೆ ನನಗೇ ಹೇಳಿದ: "ಬೀಡಿ ಎಳೆದ್ರೆ ಹಸಿವು ತಡೀತದಮ್ಮಾ, ಹೊಟ್ಟೆ ತುಂಬಿದ್ರೆ ಯಾಕ ಸೇದ್ತೀನಿ?" ಆ ಮಾತಿನಲ್ಲಿ ಸತ್ಯವಿದೆ, ನಿಕೋಟಿನ್ ಹಸಿವನ್ನು ಅಡಗಿಸುತ್ತದೆ. ತಂದೆಗೆ ಕೊನೆಗೆ ಕ್ಷಯ ಬಂತು. ದಂಡುಪ್ರದೇಶದ ವೆಲ್ಲೆಸ್ಲಿ ಕ್ಷಯರೋಗ ಆಸ್ಪತ್ರೆಗೆ ಊಟದ ಡಬ್ಬಿ ಒಯ್ಯುವುದು ನನ್ನ ಕೆಲಸವಾಗಿತ್ತು. ಅಲ್ಲಿನ ಗಿಡಗಳ ಕೆಳಗೆ ಕೂತ ರೋಗಿಗಳಲ್ಲಿ ಬೀಡಿ ಸೇದದ ಗಂಡಸರನ್ನು ಹುಡುಕಬೇಕಿತ್ತು. ಆಗ ನಮಗಾರಿಗೂ ಅದು ರೋಗಕ್ಕೆ ಕಾರಣವೆಂದು ಹೊಳೆದಿರಲಿಲ್ಲ. ಕ್ಷಯ ಎಂದರೆ ಬಡತನ, ಗಾಳಿಯಿಲ್ಲದ ಮನೆ, ಅಷ್ಟೇ ಎಂದುಕೊಂಡಿದ್ದೆವು.

ವಿಜ್ಞಾನ ಅದನ್ನು ಹೇಳಿದ್ದು ಬಹಳ ತಡವಾಗಿ. 1950ರಲ್ಲಿ ಲಂಡನ್ನಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ನಂಟಿದೆ ಎಂದು ತೋರಿಸಿದರು. 1964ರಲ್ಲಿ ಅಮೆರಿಕದ ಸರ್ಜನ್ ಜನರಲ್ ವರದಿ ಅದನ್ನು ಸರ್ಕಾರದ ಮಾತಾಗಿಸಿತು. ಆದರೆ ಅವೆಲ್ಲ ಸಿಗರೇಟಿನ ಮಾತು, ಬಿಳಿಯರ ಊರಿನ ಮಾತು. ಬೀಡಿ ಎಲೆಯದು, ಹಸಿರಿನದು, ಅಷ್ಟು ಕೆಡುಕಲ್ಲ ಎಂಬ ನಂಬಿಕೆ ಇಲ್ಲಿ ಗಟ್ಟಿಯಾಗಿ ಕೂತಿತ್ತು. ಆ ನಂಬಿಕೆಯನ್ನು ಒಡೆದದ್ದು ನಮ್ಮದೇ ನೆರೆಯ ಮದರಾಸು. ಡಾ. ವಿ. ಗಜಲಕ್ಷ್ಮಿ ಮತ್ತು ಸಂಗಡಿಗರು ಚೆನ್ನೈ ಮತ್ತು ವಿಲ್ಲುಪುರದ ಕಡೆ ಸತ್ತ 43,000 ಗಂಡಸರ ಮನೆಗಳಿಗೆ ಹೋಗಿ ಅವರು ಸೇದುತ್ತಿದ್ದರೇ ಎಂದು ಕೇಳಿ, 2003ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಸೇದುವವರು ಕ್ಷಯದಿಂದ ಸಾಯುವ ಸಾಧ್ಯತೆ ಸೇದದವರಿಗಿಂತ ಸುಮಾರು ನಾಲ್ಕು ಪಟ್ಟು. ಆ ಅಂಕಿಯನ್ನು ನಾನು ತರಬೇತಿಯಲ್ಲಿ ಕೇಳಿದ ದಿನ ತಂದೆಯ ಮುಖ ಕಣ್ಣ ಮುಂದೆ ಬಂತು. 2008ರಲ್ಲಿ ಪ್ರಭಾತ್ ಝಾ ಮತ್ತು ಸಂಗಡಿಗರ ದೇಶವ್ಯಾಪಿ ಅಧ್ಯಯನ ಇನ್ನೂ ಸ್ಪಷ್ಟವಾಗಿ ಹೇಳಿತು: ಸಿಗರೇಟು ಸೇದುವ ಗಂಡಸು ಸರಾಸರಿ 10 ವರ್ಷ, ಬೀಡಿ ಸೇದುವ ಗಂಡಸು 6 ವರ್ಷ, ಬೀಡಿ ಸೇದುವ ಹೆಂಗಸು 8 ವರ್ಷ ಆಯುಸ್ಸು ಕಳೆದುಕೊಳ್ಳುತ್ತಾರೆ. ಎಲೆಯಲ್ಲಿ ಗಾಳಿಯಾಡುವುದಿಲ್ಲ. ಬೀಡಿ ಆರದಿರಲು ಮತ್ತೆ ಮತ್ತೆ ಜೋರಾಗಿ ಎಳೆಯಬೇಕು. ಎದೆಗೆ ಹೋಗುವ ಟಾರು ಅದಕ್ಕೇ ಹೆಚ್ಚು.

ಕಾನೂನಿನ ನಡಿಗೆಯೂ ಹೀಗೇ ನಿಧಾನ. 1975ರ ಕಾಯ್ದೆ ಸಿಗರೇಟು ಪ್ಯಾಕಿನ ಮೇಲೆ ಎಚ್ಚರಿಕೆ ಬರೆಸಿತು, ಬೀಡಿಯನ್ನು ಮುಟ್ಟಲಿಲ್ಲ. 2001ರ ನವೆಂಬರಿನಲ್ಲಿ ಮುರಳಿ ದೇವರಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ಆಸ್ಪತ್ರೆ, ಶಾಲೆ, ಬಸ್ಸು, ರೈಲು ಮುಂತಾದೆಡೆ ಧೂಮಪಾನ ನಿಲ್ಲಿಸಲು ಆದೇಶಿಸಿತು. 2003ರಲ್ಲಿ ಬೀಡಿ, ಸಿಗರೇಟು, ಗುಟ್ಕಾ ಎಲ್ಲವನ್ನೂ ಒಳಗೊಂಡ ಕೋಟ್ಪಾ ಕಾಯ್ದೆ ಬಂತು. 2008ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನವೇ, ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧದ ಪರಿಷ್ಕೃತ ನಿಯಮ ಜಾರಿಯಾಯಿತು. ಆಗ ದಂಡ 200 ರೂಪಾಯಿ. 2009ರಿಂದ ಪ್ಯಾಕಿನ ಮೇಲೆ ಚಿತ್ರ ಬಂತು. 2016ರಲ್ಲಿ ಆ ಚಿತ್ರ ಪ್ಯಾಕಿನ ಶೇ 85ರಷ್ಟನ್ನು ಆವರಿಸಬೇಕೆಂದಾಯಿತು. 2017ರ ಡಿಸೆಂಬರಿನಲ್ಲಿ ನಮ್ಮ ಹೈಕೋರ್ಟು ಆ ನಿಯಮವನ್ನು ರದ್ದುಮಾಡಿತು, ಮರುತಿಂಗಳೇ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ಚಿತ್ರ ಉಳಿಯಿತು. ಓದು ಬಾರದ ಹಮಾಲಿಗೆ ಅಕ್ಷರದ ಎಚ್ಚರಿಕೆಯಿಂದ ಏನೂ ತಿಳಿಯುತ್ತಿರಲಿಲ್ಲ. ಚಿತ್ರ ಕಂಡು "ಇದೇನಮ್ಮಾ ಬಾಯಿ ಹಿಂಗಾಗ್ಯದ?" ಎಂದು ಕೇಳಿದವರು ಎಷ್ಟೋ ಮಂದಿ. ಆ ಪ್ರಶ್ನೆಯಿಂದಲೇ ನನ್ನ ಎಷ್ಟೋ ಸಮಾಲೋಚನೆಗಳು ಶುರುವಾಗಿವೆ.

ಫಲ ಸಿಕ್ಕಿಲ್ಲವೇ? ಸಿಕ್ಕಿದೆ. ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ 2009-10ರಲ್ಲಿ ಕರ್ನಾಟಕದ ವಯಸ್ಕರಲ್ಲಿ ಶೇ 28.2 ಮಂದಿ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಿದ್ದರು. 2016-17ಕ್ಕೆ ಅದು ಶೇ 22.8ಕ್ಕೆ ಇಳಿಯಿತು. ಸೇದುವವರು ಶೇ 11.9ರಿಂದ 8.8ಕ್ಕೆ ಇಳಿದರು. ಗಾಂಧಿನಗರದಲ್ಲೂ ಈ ಬದಲಾವಣೆ ಬರಿಗಣ್ಣಿಗೆ ಕಾಣುತ್ತದೆ. ಮೋಕಾ ರಸ್ತೆಯ ಹೋಟೆಲುಗಳಲ್ಲಿ ಟೀ ಲೋಟದ ಪಕ್ಕ ಬೂದಿಯ ತಟ್ಟೆ ಇಲ್ಲ. ಬಸ್ಸಿನಲ್ಲಿ ಯಾರೂ ಬೀಡಿ ಹಚ್ಚುವುದಿಲ್ಲ. ಸಿನಿಮಾ ಮಂದಿರದ ಬೆಳಕಿನ ಕೋಲಿನಲ್ಲಿ ಹೊಗೆ ಸುತ್ತುತ್ತಿದ್ದ ಕಾಲ ಈಗಿನ ಮಕ್ಕಳಿಗೆ ಗೊತ್ತೇ ಇಲ್ಲ. ಮನೆಗೆ ಬಂದ ನೆಂಟನಿಗೆ ಸಿಗರೇಟು ಕೊಡುವುದು ಒಂದು ಕಾಲಕ್ಕೆ ಮರ್ಯಾದೆ, ಇಂದು ಅಂಗಳಕ್ಕೆ ಹೋಗಿ ಸೇದಿ ಎನ್ನುವುದು ಮರ್ಯಾದೆ. ಮನೆಯ ಹೆಂಗಸರಿಗೆ ಹಾಗೆ ಹೇಳುವ ಧೈರ್ಯ ಬಂದದ್ದು ನಾನು ಕಂಡ ದೊಡ್ಡ ಬದಲಾವಣೆ.

ಆದರೆ ಅದೇ ಸಮೀಕ್ಷೆಯಲ್ಲಿ ಇನ್ನೊಂದು ಅಂಕಿ ಇದೆ: ಕರ್ನಾಟಕದಲ್ಲಿ ಜಗಿಯುವ ತಂಬಾಕು ಬಳಸುವವರು ಶೇ 16.3, ಸೇದುವವರ ಹತ್ತಿರ ಹತ್ತಿರ ಎರಡರಷ್ಟು. ಹೊಗೆ ಬಿಟ್ಟವರಲ್ಲಿ ಹಲವರು ಪೊಟ್ಟಣ ಹಿಡಿದರು. 2013ರ ಮೇ ಕೊನೆಯಲ್ಲಿ ರಾಜ್ಯ ಗುಟ್ಕಾ ನಿಷೇಧಿಸಿದ ಮೇಲೆ ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಬಂದವು. ಅಂಗಡಿಯ ಮುಂದೆಯೇ ಎರಡನ್ನೂ ಬೆರೆಸುತ್ತಾರೆ. ಬಿಡಿ ಸಿಗರೇಟು ಮಾರಬಾರದೆಂದು 2017ರಲ್ಲೇ ಆದೇಶವಾಗಿದೆ, ಆದರೂ ಹುಡುಗರು ಒಂದೊಂದೇ ಕೊಳ್ಳುತ್ತಾರೆ. ಕರ್ನಾಟಕದ 2024ರ ತಿದ್ದುಪಡಿಗೆ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕಿ, ಕೊಳ್ಳುವ ವಯಸ್ಸು 18ರಿಂದ 21ಕ್ಕೆ, ದಂಡ 200ರಿಂದ 1,000 ರೂಪಾಯಿಗೆ ಏರಿದೆ. ಒಳ್ಳೆಯದೇ. ಆದರೆ 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಬೀಡಿಯ ತೆರಿಗೆಯನ್ನು ಶೇ 28ರಿಂದ 18ಕ್ಕೆ ಇಳಿಸಲು ತೀರ್ಮಾನಿಸಿತು. ಕಟ್ಟುವ ಬಡವರ ಹೆಸರಿನಲ್ಲಿ ಇಂಥ ರಿಯಾಯಿತಿ ಸಮರ್ಥಿಸುವವರನ್ನು ನಾನು ಒಪ್ಪಲಾರೆ. ಬೀಡಿ ಅಗ್ಗವಾಗಿದ್ದ ಅಷ್ಟೂ ವರ್ಷ ನನ್ನ ತಾಯಿಯ ಕೂಲಿಯೂ ಅಗ್ಗವಾಗಿಯೇ ಇತ್ತು. ಅಗ್ಗದ ಬೀಡಿಯಿಂದ ಕಟ್ಟುವವಳ ಹೊಟ್ಟೆ ತುಂಬಲಿಲ್ಲ, ಸೇದುವವನ ಆಯುಸ್ಸು ಉಳಿಯಲಿಲ್ಲ.

ಕಟ್ಟುವ ಕೈಗೆ ಬೇರೆ ಕೆಲಸ ಇಲ್ಲ ಎಂಬ ಮಾತೂ ನಿಜವಲ್ಲ ಎಂದು ಬಳ್ಳಾರಿಯೇ ತೋರಿಸಿದೆ. ಕೌಲ್ ಬಜಾರಿನ ಓಣಿಗಳಲ್ಲಿ ಇಂದು ಜೀನ್ಸ್ ಹೊಲಿಗೆಯ ಸದ್ದು. ನನ್ನ ತಾಯಿ ಮೊರ ಇಟ್ಟು ಕೂರುತ್ತಿದ್ದಂಥ ಜಗಲಿಗಳಲ್ಲಿ ಈಗಿನ ಹೆಣ್ಣುಮಕ್ಕಳು ಪ್ಯಾಂಟಿನ ದಾರ ಕತ್ತರಿಸುತ್ತಾರೆ, ಗುಂಡಿ ಹಚ್ಚುತ್ತಾರೆ. ಅಲ್ಲೂ ಕೂಲಿ ಕಡಿಮೆ, ಭದ್ರತೆ ಸಾಲದು. ಆದರೂ ಕಸುಬು ಬದಲಾಗುತ್ತದೆ, ಬೆರಳುಗಳು ಹೊಸದನ್ನು ಕಲಿಯುತ್ತವೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಬೀಡಿಯಿಂದ ಬರುವ ತೆರಿಗೆಯಲ್ಲಿ ಒಂದು ಪಾಲನ್ನು ಕಟ್ಟುವ ಹೆಂಗಸರ ಪಿಂಚಣಿಗೆ, ಅವರ ಹೆಣ್ಣುಮಕ್ಕಳ ಓದು ಮತ್ತು ತರಬೇತಿಗೆ ಮೀಸಲಿಡಬೇಕು. ಇದು ನಾನು ಸರ್ಕಾರದ ಮುಂದೆ ಇಡುವ ಬೇಡಿಕೆ.

ಸೇದುವವರಿಗೆ ನನ್ನ ಮಾತು ಇಷ್ಟು. ಬಿಡುವುದು ಹಟದಿಂದಷ್ಟೇ ಆಗುವ ಕೆಲಸವಲ್ಲ, ಸಹಾಯ ಬೇಕು. ಬಿಟ್ಟ ಮೊದಲ ದಿನಗಳಲ್ಲಿ ಸಿಟ್ಟು, ತಲೆನೋವು, ನಿದ್ದೆಗೇಡು ಬರುತ್ತವೆ, ಕೆಲವು ವಾರಗಳಲ್ಲಿ ಇಳಿಯುತ್ತವೆ. 1800-11-2356 ಎಂಬ ಸಹಾಯವಾಣಿಗೆ ಕರೆ ಮಾಡಲು ದುಡ್ಡು ಬೇಡ. ಆಸ್ಪತ್ರೆಯಲ್ಲಿ ಕೇಳಲು ನಾಚಿಕೆ ಬೇಡ. ಕ್ಷಯಕ್ಕೆ ಗುಳಿಗೆ ನುಂಗುತ್ತಿರುವವರು ಬೀಡಿ ಬಿಟ್ಟರೆ ಔಷಧಿಗೂ ಬಲ ಬರುತ್ತದೆ. ಹಿಂದಿನಿಂದ ಬಂದದ್ದು ಎಂಬ ಕಾರಣವನ್ನು ಮಾತ್ರ ಕೊಡಬೇಡಿ. ಈ ಊರಿನ ಹೊಗೆಗೆ ಬಂದ ವರ್ಷಗಳಿವೆ, ತಂದವರಿದ್ದಾರೆ, ಅದರಿಂದ ಗಳಿಸಿದವರಿದ್ದಾರೆ. ಅದನ್ನು ಮುಗಿಸುವವರು ನಾವೇ ಆಗಬಹುದು. ಶೇ 28.2 ಇದ್ದದ್ದು 22.8ಕ್ಕೆ ಇಳಿದದ್ದು ಯಾರದೋ ಪವಾಡದಿಂದಲ್ಲ, ಲಕ್ಷಾಂತರ ಜನ ಒಬ್ಬೊಬ್ಬರಾಗಿ ಬಿಟ್ಟದ್ದರಿಂದ, ಇನ್ನೆಷ್ಟೋ ಲಕ್ಷ ಹುಡುಗರು ಶುರುಮಾಡದೆ ಇದ್ದದ್ದರಿಂದ.